ಡಬ್ಬಿ, ಗುಲಾಬಿ, ಗೋಜಲು: ಡಿಟಿಪಿಯಲ್ಲಿ ಕನ್ನಡ ಫಾಂಟ್ ಕೈಕೊಟ್ಟಾಗ

"ಸಾರ್, ಫಾಂಟ್ ಹಾಕಿದೀನಿ, ಆದ್ರೂ ಬರ್ತಿಲ್ಲ."

ಪುಟ ಕಟ್ಟುವ ಕೆಲಸ ಒಂಚೂರು ಬಲ್ಲವರಿಗೆಲ್ಲ ಈ ಫೋನು ಬಂದೇ ಬಂದಿರುತ್ತದೆ. ಅದೂ ರಾತ್ರಿ ಒಂಬತ್ತರ ಮೇಲೆ, ಮಾರನೇ ದಿನ ಸ್ಮರಣ ಸಂಚಿಕೆಯ ಬಿಡುಗಡೆ ಇಟ್ಟುಕೊಂಡು. ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಬರ್ತಿಲ್ಲ ಸರಿ, ಅದರ ಬದಲು ಏನು ಬರ್ತಿದೆ? ಡಬ್ಬಿಯಾ, ಗುಲಾಬಿ ಬಣ್ಣವಾ, ಇಂಗ್ಲಿಷ್ ಗೋಜಲಾ, ಒತ್ತು ಬಿಚ್ಚಿಕೊಂಡ ಕನ್ನಡವಾ? ನಾಲ್ಕೂ ಬೇರೆ ಬೇರೆ ಕಾಯಿಲೆ. ಇವಕ್ಕೆಲ್ಲ ನಮ್ಮಲ್ಲಿ ಮನೆಮದ್ದು ಮಾತ್ರ ಒಂದೇ: ಫಾಂಟನ್ನು ತೆಗೆದು ಮತ್ತೆ ಹಾಕುವುದು, ಅದಕ್ಕೂ ಬಗ್ಗದಿದ್ದರೆ ಯಾರದ್ದೋ ಪೆನ್‌ಡ್ರೈವ್‌ನಿಂದ ಇನ್ನೂರು ಫಾಂಟು ತಂದು ಸುರಿಯುವುದು. ಹಾಗೆ ಸುರಿದ ಮೇಲೆ ಇದ್ದ ಕಾಯಿಲೆಯ ಜೊತೆಗೆ ಇನ್ನೆರಡು ಸೇರಿಕೊಳ್ಳುತ್ತವೆ.

ಫಾಂಟಿನ ಫೋಲ್ಡರಿಗೆ ಕೈಹಾಕುವ ಮೊದಲು ಅರ್ಧ ನಿಮಿಷದ ಒಂದು ಪರೀಕ್ಷೆ ಮಾಡಿ. ತೊಂದರೆ ಕೊಡುತ್ತಿರುವ ಪಠ್ಯದ ಎರಡು ಸಾಲನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿ. ಅಲ್ಲಿ ಕನ್ನಡವಾಗಿಯೇ ಕಂಡರೆ ಅದು ಯೂನಿಕೋಡ್ ಪಠ್ಯ. ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ಕೊಂಬು ಬಾಲಗಳಿರುವ ಯುರೋಪಿನ ಅಕ್ಷರಗಳೆಲ್ಲ ಕಲಸಿಕೊಂಡು ಕಂಡರೆ ಅದು ಹಳೆಯ ಕ್ರಮದ ಪಠ್ಯ. ಡಿಟಿಪಿ ಜನ ಅದನ್ನು ಆಸ್ಕಿ ಅನ್ನುತ್ತಾರೆ, ಬರಹ ಬಳಸುವವರು ಆನ್ಸಿ ಅನ್ನುತ್ತಾರೆ. ಮುಂದಿನ ದಾರಿಯೆಲ್ಲ ಈ ಉತ್ತರದ ಮೇಲೆ ನಿಂತಿದೆ. ಕನ್ನಡ ಡಿಟಿಪಿಯಲ್ಲಿ 'ಫಾಂಟ್ ತೊಂದರೆ' ಎಂದು ನಾವು ಕರೆಯುವುದರಲ್ಲಿ ಬಹುಪಾಲು, ನನ್ನ ಅನುಭವದಲ್ಲಿ, ಈ ಎರಡು ಜಾತಿಗಳನ್ನು ಗುರುತಿಸದೆ ಒಂದರ ಬಟ್ಟೆಯನ್ನು ಇನ್ನೊಂದಕ್ಕೆ ತೊಡಿಸಲು ಹೋಗಿ ಆದದ್ದು.

ಪೌಂಡ್ ಚಿಹ್ನೆಯಲ್ಲಿ ಕೂತ ನ

ಹಳೆಯ ಕ್ರಮ ಏನೆಂದು ಸ್ವಲ್ಪ ಬಿಡಿಸಿ ಹೇಳಬೇಕು. ಆ ಕಾಲದ ಫಾಂಟುಗಳಲ್ಲಿ ಇದ್ದದ್ದು 256 ಮನೆಗಳು ಮಾತ್ರ, ಅದೂ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆಂದು ಕಟ್ಟಿದವು. ನಮ್ಮವರು ಆ ಮನೆಗಳಲ್ಲಿ ಕನ್ನಡವನ್ನು ತುಂಡು ತುಂಡಾಗಿ ತಂದು ಕೂರಿಸಿದರು. ನುಡಿ ಫಾಂಟಿನಲ್ಲಿ ಕ ಅಕ್ಷರ ಎರಡು ತುಂಡು: ಬುಡಕ್ಕೆ ಇಂಗ್ಲಿಷಿನ ದೊಡ್ಡ ಪಿ, ತಲೆಕಟ್ಟಿಗೆ ನೆತ್ತಿಯ ಮೇಲೆ ಓರೆ ಗೀಟಿರುವ ಎ. ನ ಅಕ್ಷರದ ಬುಡ ಪೌಂಡ್ ಚಿಹ್ನೆಯ ಮನೆಯಲ್ಲಿದೆ. ನ ಒತ್ತು ಜರ್ಮನರ ಜೋಡಿ ಎಸ್ ಅಕ್ಷರದಲ್ಲಿ, ಡ ಬುಡ ಸಣ್ಣ ಕ್ಯೂನಲ್ಲಿ. 'ಕನ್ನಡ' ಎಂದು ಬರೆದರೆ ಕಂಪ್ಯೂಟರಿನ ಪಾಲಿಗೆ ಅದು ಏಳು ವಿದೇಶಿ ಚಿಹ್ನೆಗಳ ಸಾಲು. ಯ ಒಂದಕ್ಕೇ ನಾಲ್ಕು ತುಂಡು ಬೇಕು. ಕಂಪ್ಯೂಟರಿಗೆ ಅದು ಕನ್ನಡವೆಂದು ಗೊತ್ತೇ ಇಲ್ಲ. ಕನ್ನಡ ಇರುವುದು ಫಾಂಟು ತೊಡಿಸುವ ವೇಷದಲ್ಲಿ ಮಾತ್ರ.

ಇದು ಹಂಗಿಸುವ ಮಾತಲ್ಲ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಪುಣೆಯ ಶ್ರೀಲಿಪಿ – ಇವು ಇಲ್ಲದಿದ್ದರೆ ಕನ್ನಡದ ಎರಡು ದಶಕಗಳ ಮುದ್ರಣ ಹೇಗೆ ನಡೆಯುತ್ತಿತ್ತು ಎಂದು ಊಹಿಸುವುದೂ ಕಷ್ಟ. ಆದರೆ ಆ ಅನುಕೂಲದ ಸಾಲವನ್ನು ನಾವು ಈಗ ತೀರಿಸುತ್ತಿದ್ದೇವೆ.

ಯೂನಿಕೋಡ್‌ನಲ್ಲಿ ಅದೇ 'ಕನ್ನಡ' ಐದು ಸಂಕೇತ: ಕ, ನ, ಹಲಂತ, ನ, ಡ. ಇಲ್ಲಿ ಒತ್ತು ಎಂಬ ಪ್ರತ್ಯೇಕ ಅಕ್ಷರವೇ ಇಲ್ಲ. ನ, ಹಲಂತ, ನ ಒಟ್ಟಿಗೆ ಬಂದಾಗ ಎರಡನೆಯ ನಕಾರವನ್ನು ಒತ್ತಾಗಿ ಕೆಳಗಿಳಿಸುವ ಕೆಲಸ ತಂತ್ರಾಂಶದ್ದು. ಹೇಗೆ ಇಳಿಸಬೇಕೆಂಬ ಸೂಚನೆ ಫಾಂಟಿನೊಳಗೆ ಇರುತ್ತದೆ. ಇಬ್ಬರೂ ಸೇರಿದರೆ ಮಾತ್ರ ಅಕ್ಷರ. ಹೀಗಾಗಿ ಫಾಂಟು ಸರಿಯಾಗಿ ಕೂತಿದ್ದರೂ ತಂತ್ರಾಂಶ ತನ್ನ ಕೆಲಸ ಮಾಡದಿದ್ದರೆ ಒತ್ತು ಬಿಚ್ಚಿಕೊಳ್ಳುತ್ತದೆ.

2001ರಲ್ಲಿ ಒಂದು ತಮಾಷೆ ನಡೆಯಿತು. ಆ ವರ್ಷವೇ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಯೂನಿಕೋಡ್ ಕನ್ನಡ ಫಾಂಟನ್ನು ಜೊತೆಗಿಟ್ಟುಕೊಂಡು ಬಂತು. ಅದೇ ವರ್ಷ ಪೇಜ್‌ಮೇಕರ್ 7.0 ಕೂಡ ಬಂತು. ಅದೇ ಅದರ ಕೊನೆಯ ಆವೃತ್ತಿ, ಅದಕ್ಕೆ ಯೂನಿಕೋಡ್ ಬರುವುದಿಲ್ಲ. ನಮ್ಮ ಊರುಗಳ ಅನೇಕ ಮುದ್ರಣಾಲಯಗಳು ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ಟುಕೊಂಡು ವರ್ಷಗಟ್ಟಲೆ ಕೆಲಸ ನಡೆಸಿದವು. ಪೇಜ್‌ಮೇಕರಿಗೆ ತುಂಗಾ ಹಾಕಿ "ಬರ್ತಿಲ್ಲ" ಅಂದರೆ ಅದು ಬರುವುದೂ ಇಲ್ಲ. ಅಲ್ಲಿ ಫಾಂಟಿನ ತಪ್ಪೂ ಇಲ್ಲ, ನಿಮ್ಮದೂ ಇಲ್ಲ.

ಹೆಸರೇ ಪಟ್ಟಿಯಲ್ಲಿಲ್ಲ, ಅಥವಾ ಗುಲಾಬಿ

ಇನ್‌ಸ್ಟಾಲ್ ಮಾಡಿದ ಫಾಂಟು ತಂತ್ರಾಂಶದ ಪಟ್ಟಿಯಲ್ಲೇ ಕಾಣದಿದ್ದರೆ ಮಾತ್ರ ಅದು ನಿಜವಾದ ಇನ್‌ಸ್ಟಾಲ್ ತೊಂದರೆ.

ವಿಂಡೋಸ್ 10ರ ಮೊದಲ ಆವೃತ್ತಿಗಳವರೆಗೆ ಫಾಂಟುಗಳೆಲ್ಲ ಸಿ ಡ್ರೈವ್‌ನಲ್ಲಿ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್‌ಗೆ ಹೋಗುತ್ತಿದ್ದವು. 1809 ಎಂಬ ಆವೃತ್ತಿಯಿಂದೀಚೆಗೆ ಬರೀ ಇನ್‌ಸ್ಟಾಲ್ ಒತ್ತಿದರೆ ಫಾಂಟು ಆ ಬಳಕೆದಾರನ ಸ್ವಂತ ಫೋಲ್ಡರಿನಲ್ಲಿ ಮಾತ್ರ ಕೂರುತ್ತದೆ. ಕೆಲವು ತಂತ್ರಾಂಶಗಳು, ಅದರಲ್ಲೂ ಹಳೆಯವು, ಆ ಮೂಲೆಗೆ ಹಣಕಿ ನೋಡುವುದೇ ಇಲ್ಲ. ಒಂದೇ ಕಂಪ್ಯೂಟರಿನಲ್ಲಿ ಬೆಳಗಿನವರು ಒಂದು ಲಾಗಿನ್, ಸಂಜೆಯವರು ಇನ್ನೊಂದು ಲಾಗಿನ್ ಬಳಸುವ ಕಚೇರಿಗಳಲ್ಲಿ "ನಿನ್ನೆ ಇತ್ತು, ಇವತ್ತಿಲ್ಲ" ಎಂಬ ದೂರಿನ ಮೂಲ ಹೆಚ್ಚಾಗಿ ಇಲ್ಲೇ. ಫಾಂಟ್ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್' ಆರಿಸಿ. ಆಮೇಲೆ ತಂತ್ರಾಂಶವನ್ನು ಪೂರ್ತಿ ಮುಚ್ಚಿ ತೆರೆಯಿರಿ.

ಹಾಗೆ ಮಾಡುವ ಮೊದಲು ಕೈಯಲ್ಲಿರುವ ಫೈಲು ಯಾವುದೆಂದು ನೋಡಿಕೊಳ್ಳಿ. ಟಿಟಿಎಫ್, ಓಟಿಎಫ್ ಆಗಬೇಕು. ವೆಬ್‌ಸೈಟುಗಳಿಗೆಂದು ಮಾಡಿದ ವೋಫ್ ಫೈಲು ಡಿಟಿಪಿಗೆ ಆಗದು. ಜಿಪ್ ಫೈಲನ್ನು ಬಿಚ್ಚದೆ ಒಳಗಿಂದಲೇ ಫಾಂಟನ್ನು ಎಳೆಯಲು ಹೋಗಬೇಡಿ, ಮೊದಲು ಎಕ್ಸ್‌ಟ್ರಾಕ್ಟ್ ಮಾಡಿ. ಗೂಗಲ್ ಫಾಂಟ್ಸ್‌ನಿಂದ ಅನೇಕ್ ಕನ್ನಡ, ನೋಟೋ ಸಾನ್ಸ್ ಕನ್ನಡದಂಥವನ್ನು ಇಳಿಸಿಕೊಂಡವರು ಇನ್ನೊಂದು ಕಡೆ ಎಡವುತ್ತಾರೆ. ಆ ಜಿಪ್ ಬಿಚ್ಚಿದಾಗ ಕಣ್ಣಿಗೆ ಬೀಳುವ ಮೊದಲ ಫೈಲು ವೇರಿಯಬಲ್ ಫಾಂಟು. ತೆಳುವಿನಿಂದ ದಪ್ಪದವರೆಗಿನ ಎಲ್ಲ ತೂಕವೂ ಒಂದೇ ಫೈಲಿನಲ್ಲಿ. ಹೊಸ ಇಂಡಿಸೈನ್ ಅದನ್ನು ಅರಗಿಸಿಕೊಳ್ಳುತ್ತದೆ, ಹಳೆಯದಕ್ಕೆ ಒಂದೇ ತೂಕ ಕಾಣುತ್ತದೆ. ಅದೇ ಜಿಪ್‌ನಲ್ಲಿ ಸ್ಟ್ಯಾಟಿಕ್ ಎಂಬ ಫೋಲ್ಡರ್ ಇರುತ್ತದೆ. ಹಳೆಯ ತಂತ್ರಾಂಶವಿದ್ದವರು ಅದರೊಳಗಿನ ರೆಗ್ಯುಲರ್, ಬೋಲ್ಡ್ ಫೈಲುಗಳನ್ನು ಹಾಕಿಕೊಳ್ಳಲಿ.

ಬಹಳ ಹಳೆಯ ಸಿಡಿಗಳಲ್ಲಿ ಪಿಎಫ್‌ಬಿ, ಪಿಎಫ್‌ಎಂ ಎಂಬ ಜೋಡಿ ಫೈಲುಗಳಿದ್ದರೆ ಅವು ಟೈಪ್ ವನ್ ಫಾಂಟುಗಳು. ಜನವರಿ 2023ರಿಂದ ಅಡೋಬಿ ಅವಕ್ಕೆ ಬಾಗಿಲು ಹಾಕಿದೆ. ಹೊಸ ಇಂಡಿಸೈನ್‌ಗೆ ಅವು ಯಂತ್ರದಲ್ಲಿದ್ದರೂ ಇಲ್ಲದಂತೆಯೇ.

ಇಂಡಿಸೈನ್‌ನಲ್ಲಿ ಫೈಲು ತೆರೆದಾಗ ಪಠ್ಯದ ಹಿಂದೆ ಗುಲಾಬಿ ಬಣ್ಣ ಹರಡಿದ್ದರೆ 'ಈ ಫಾಂಟು ನನ್ನ ಬಳಿ ಇಲ್ಲ' ಎಂದರ್ಥ. ಟೈಪ್ ಮೆನುವಿನಲ್ಲಿ ಫೈಂಡ್ ಫಾಂಟ್ ತೆರೆದರೆ ಇಲ್ಲದ ಫಾಂಟಿನ ಪೂರ್ತಿ ಹೆಸರು ಸಿಗುತ್ತದೆ. ಆ ಹೆಸರನ್ನು ಅಕ್ಷರ ಬಿಡದೆ ಬರೆದುಕೊಳ್ಳಿ. ನುಡಿ 01 ಇ ಬೇರೆ, ನುಡಿ ಯೂನಿ 01 ಇ ಬೇರೆ. ಮೊದಲನೆಯದು ವೇಷದ ಕನ್ನಡ, ಎರಡನೆಯದು ಯೂನಿಕೋಡ್. ಫೈಲಿನ ಹೆಸರು ಬದಲಿಸಿದರೆ ಫಾಂಟಿನ ಹೆಸರು ಬದಲಾಗುವುದಿಲ್ಲ. ತಂತ್ರಾಂಶ ಓದುವುದು ಫಾಂಟಿನೊಳಗೆ ಬರೆದ ಹೆಸರನ್ನು. ಒಳಹೆಸರು ಒಂದೇ ಆದ ಎರಡು ಬೇರೆ ಆವೃತ್ತಿಗಳು ಯಂತ್ರದಲ್ಲಿದ್ದರೆ ಯಾವುದು ಗೆಲ್ಲುತ್ತದೆಂದು ಹೇಳಲಾಗದು. ಪೆನ್‌ಡ್ರೈವ್ ಸುರಿಯಬೇಡಿ ಅಂದದ್ದು ಇದಕ್ಕೇ. ಮ್ಯಾಕ್‌ನಲ್ಲಿ ಫಾಂಟ್ ಬುಕ್ ಈ ಜೋಡಿಗಳನ್ನು ತಾನೇ ಹುಡುಕಿ ತೋರಿಸುತ್ತದೆ. ವಿಂಡೋಸ್‌ನಲ್ಲಿ ಕಣ್ಣೇ ಗತಿ.

ಇನ್ನೊಂದು ಗುಲಾಬಿ ಇದೆ. ಫಾಂಟು ಇದೆ, ಆದರೆ ಬೋಲ್ಡ್ ಇಲ್ಲ. ವರ್ಡ್‌ನಲ್ಲಿ ಬಿ ಗುಂಡಿ ಒತ್ತಿದರೆ ಇಲ್ಲದ ಬೋಲ್ಡನ್ನೂ ಅದು ದಪ್ಪ ಮಾಡಿ ತೋರಿಸುತ್ತದೆ. ಇಂಡಿಸೈನ್ ಅಂಥ ಮುಲಾಜು ಇಟ್ಟುಕೊಳ್ಳದೆ ಬೋಲ್ಡ್ ಎಂಬ ಹೆಸರನ್ನು ಚೌಕ ಕಂಸದೊಳಗೆ ತೋರಿಸಿ ಸುಮ್ಮನಾಗುತ್ತದೆ. ನಿಜವಾದ ಬೋಲ್ಡ್ ಇರುವ ಕುಟುಂಬವನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಎಲ್ಲ ಸರಿಯಿದ್ದೂ ಪಟ್ಟಿಯಲ್ಲಿ ಹೆಸರು ಬರದಿದ್ದರೆ ಉಳಿದದ್ದು ಕ್ಯಾಶೆ. ಅಡೋಬಿ ತಂತ್ರಾಂಶಗಳು ಫಾಂಟುಗಳ ಪಟ್ಟಿಯನ್ನು ಎಲ್‌ಎಸ್‌ಟಿ ಎಂದು ಕೊನೆಯಾಗುವ 'ಅಡೋಬಿಫಾಂಟ್' ಬಗೆಯ ಫೈಲುಗಳಲ್ಲಿ ಬರೆದಿಟ್ಟುಕೊಳ್ಳುತ್ತವೆ. ತಂತ್ರಾಂಶ ಮುಚ್ಚಿ ಅವನ್ನು ಅಳಿಸಿದರೆ ಮುಂದಿನ ಸಲ ತೆರೆದಾಗ ಹೊಸದಾಗಿ ಪಟ್ಟಿ ಕಟ್ಟಿಕೊಳ್ಳುತ್ತವೆ. ಇದು ಕೊನೆಯ ಮದ್ದಾಗಿರಲಿ.

ಒತ್ತು ಬಿಚ್ಚಿಕೊಂಡಾಗ

ಫಾಂಟು ಇದೆ, ಪಠ್ಯ ಯೂನಿಕೋಡ್, ಆದರೆ ಪುಟದಲ್ಲಿ 'ಕನ್‌ನಡ' ಎಂದು ಕಾಣುತ್ತಿದೆ. ಇಂಡಿಸೈನ್‌ನಲ್ಲಿ ಇದಕ್ಕೆ ಕಾರಣ ಬಹುತೇಕ ಒಂದೇ: ಪ್ಯಾರಾಗ್ರಾಫ್ ಕಂಪೋಸರ್. ಅದು ಮೊದಲಿಂದಲೂ ಇಂಗ್ಲಿಷಿಗೆ ಹೊಂದುವಂತೆ ಇರುತ್ತದೆ, ಅಕ್ಷರ ಜೋಡಿಸುವ ಗೊಡವೆಗೆ ಹೋಗುವುದಿಲ್ಲ. ಪ್ಯಾರಾಗ್ರಾಫ್ ಫಲಕದ ಮೂಲೆಯ ಮೆನು ತೆರೆದು 'ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್' ಆರಿಸಿದ ತಕ್ಷಣ ಒತ್ತುಗಳೆಲ್ಲ ತಮ್ಮ ಜಾಗಕ್ಕೆ ಇಳಿಯುತ್ತವೆ. ಮೊದಲ ಸಲ ನೋಡಿದವರಿಗೆ ಜಾದೂ ಅನ್ನಿಸುತ್ತದೆ.

ಆದರೆ ಆಯ್ದುಕೊಂಡ ಪ್ಯಾರಾಕ್ಕಷ್ಟೇ ಹೀಗೆ ಮಾಡಿದರೆ ನೂರು ಪುಟದ ಪುಸ್ತಕದಲ್ಲಿ ನೂರು ಕಡೆ ಮಾಡಬೇಕು. ಪ್ಯಾರಾಗ್ರಾಫ್ ಸ್ಟೈಲ್ ತೆರೆದು ಜಸ್ಟಿಫಿಕೇಷನ್ ವಿಭಾಗದಲ್ಲಿ ಕಂಪೋಸರ್ ಬದಲಿಸಿ. ಇನ್ನೂ ಒಳ್ಳೆಯದು, ಯಾವ ಫೈಲೂ ತೆರೆದಿಲ್ಲದಾಗ ಈ ಬದಲಾವಣೆ ಮಾಡುವುದು. ಮುಂದೆ ಹುಟ್ಟುವ ಪ್ರತಿ ಹೊಸ ಫೈಲಿಗೂ ಅದೇ ಮೂಲ ಗುಣವಾಗುತ್ತದೆ. ಇಲಸ್ಟ್ರೇಟರ್‌ನಲ್ಲಿ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ಇಂಡಿಕ್ ಆಯ್ಕೆಗಳನ್ನು ತೋರಿಸುವ ಗುರುತು ಹಾಕಿದ ಮೇಲೆ ಸರಿಯಾದ ಕಂಪೋಸರ್ ಕಾಣಿಸಿಕೊಳ್ಳುತ್ತದೆ. ಹಳೆಯ ಫೋಟೋಶಾಪ್‌ನಲ್ಲಿಯೂ ಅದೇ ಟೈಪ್ ವಿಭಾಗದಲ್ಲಿ ದಕ್ಷಿಣ ಏಷ್ಯಾ ಎಂದಿರುವ ಆಯ್ಕೆ ಹಿಡಿಯಬೇಕು.

ದುಡ್ಡು ಕೊಡದೆ ಸಿಗುವ ಸ್ಕ್ರೈಬಸ್‌ನ ವಿಷಯದಲ್ಲಿ ಆವೃತ್ತಿಯೇ ಎಲ್ಲ. 1.4ರಲ್ಲಿ ಕನ್ನಡ ಕೂಡುವುದಿಲ್ಲ. ಹಾರ್ಫ್‌ಬಝ್ ಎಂಬ ಅಕ್ಷರ ಜೋಡಣೆಯ ಎಂಜಿನ್ ಒಳಗೆ ಸೇರಿದ ಮೇಲೆ ಕೂಡುತ್ತದೆ; ಸ್ಥಿರ ಆವೃತ್ತಿಯಾಗಿ ಅದು ದೊರೆತದ್ದು 2024ರ ಜನವರಿ 1ರಂದು ಬಂದ 1.6ರಲ್ಲಿ. "ಸ್ಕ್ರೈಬಸ್‌ನಲ್ಲಿ ಕನ್ನಡ ಬರಲ್ಲ" ಎಂದು ಹತ್ತು ವರ್ಷದ ಹಿಂದೆ ಕೈಬಿಟ್ಟವರು ಇನ್ನೊಮ್ಮೆ ನೋಡಬಹುದು.

ಕರಡು ತಿದ್ದುವವರಿಗೆ ಒಂದು ಕಿವಿಮಾತು. ಒತ್ತು ಬಿಚ್ಚಿಕೊಂಡ ಪುಟದಲ್ಲಿ 'ಕರ್‌ನಾಟಕ' ಎಂದಿದ್ದರೆ ಅದು ಕಣ್ಣಿಗೆ ಅಷ್ಟಾಗಿ ಚುಚ್ಚುವುದಿಲ್ಲ, ಬೇಕೆಂದೇ ಹಾಗೆ ಬರೆಯುವವರೂ ಇದ್ದಾರೆ. ಅದಕ್ಕೇ ಅರ್ಕಾವತ್ತಿನ ಪದವನ್ನು ನಂಬಬೇಡಿ. ಸಜಾತಿ ಒತ್ತಿರುವ 'ಅಕ್ಕ', 'ಅಣ್ಣ' ಹುಡುಕಿ ನೋಡಿ. ಅವು ಬಿಚ್ಚಿಕೊಂಡರೆ ಕೂಡಲೇ ಗೊತ್ತಾಗುತ್ತದೆ.

ಗೋಜಲು

ಈಗ ಇಂಗ್ಲಿಷ್ ಕಲಸುಮೇಲೋಗರದ ಸರದಿ. ಸಂಬಂಧಪಟ್ಟ ಹಳೆಯ ಫಾಂಟು ಹಾಕಿದರೆ ಅದು ಕನ್ನಡವಾಗುತ್ತದೆ. ಯಾವ ಫಾಂಟು? ನುಡಿಯಲ್ಲಿ ಬರೆದದ್ದಕ್ಕೆ ಶ್ರೀಲಿಪಿ ಹಾಕಿದರೆ ಕನ್ನಡ ಅಕ್ಷರಗಳೇ ಬರುತ್ತವೆ, ಓದಲು ಮಾತ್ರ ಆಗುವುದಿಲ್ಲ. ಇಬ್ಬರೂ ತುಂಡುಗಳನ್ನು ಕೂರಿಸಿದ ಮನೆಗಳು ಬೇರೆ. ಪಠ್ಯದಲ್ಲಿ ಪೌಂಡ್ ಚಿಹ್ನೆಯೂ ಓರೆ ಗೀಟಿನ ಎ ಕೂಡ ತುಂಬಿ ತುಳುಕುತ್ತಿದ್ದರೆ ಅದು ನುಡಿಯ ಕ್ರಮ ಎಂದು ಊಹಿಸಿ ಶುರು ಮಾಡಬಹುದು.

ಫಾಂಟು ಸಿಕ್ಕಿತು, ಕನ್ನಡ ಬಂತು, ಆದರೂ ಅಲ್ಲಲ್ಲಿ ಅಕ್ಷರ ಕೆಟ್ಟಿದೆ ಎಂದರೆ ಯಾರೋ ಸಹಾಯ ಮಾಡಲು ಹೋಗಿದ್ದಾರೆ ಎಂದರ್ಥ. ವರ್ಡ್‌ನ ಆಟೋಕರೆಕ್ಟ್ ವಾಕ್ಯದ ಮೊದಲ ಅಕ್ಷರವನ್ನು ಕ್ಯಾಪಿಟಲ್ ಮಾಡುತ್ತದೆ. ಸಣ್ಣ ಕ್ಯೂ ದೊಡ್ಡದಾದರೆ ಡ ಹೋಗಿ ಇನ್ನೇನೋ ಬರುತ್ತದೆ. ಇಂಡಿಸೈನ್ ಈ ಪಠ್ಯವನ್ನು ಇಂಗ್ಲಿಷ್ ಎಂದೇ ನಂಬಿರುತ್ತದೆ, ಹಾಗಾಗಿ ಸಾಲಿನ ಕೊನೆಯಲ್ಲಿ ಇಂಗ್ಲಿಷಿನ ಹೈಫನ್ ನಿಯಮದಂತೆ ಪದ ಒಡೆಯುತ್ತದೆ. ಕ ಬುಡ ಮೇಲಿನ ಸಾಲಿನಲ್ಲಿ, ತಲೆಕಟ್ಟು ಕೆಳಗಿನ ಸಾಲಿನಲ್ಲಿ! ಒಮ್ಮೆ ನನ್ನದೇ ಅಜಾಗರೂಕತೆಯಿಂದ ಒಂದು ಕವನ ಸಂಕಲನದ ಮುನ್ನುಡಿ ಹೀಗೆಯೇ ಅಚ್ಚಾಗಿ ಬಂದಿತ್ತು. ಮುನ್ನುಡಿ ಬರೆದ ಹಿರಿಯರು ಪುಸ್ತಕ ಮುಚ್ಚಿ ನನ್ನ ಕೈಗಿಟ್ಟರು, ಏನೂ ಅನ್ನಲಿಲ್ಲ. ಹಳೆಯ ಫಾಂಟಿನ ಪಠ್ಯಕ್ಕೆ ಭಾಷೆಯನ್ನು 'ನೋ ಲಾಂಗ್ವೇಜ್' ಮಾಡಿ, ಹೈಫನೇಷನ್ ಬಂದ್ ಮಾಡಿ, ಉದ್ಧರಣ ಚಿಹ್ನೆಗಳನ್ನು ತಾನಾಗಿ ತಿದ್ದುವ ಆಯ್ಕೆಯನ್ನೂ ತೆಗೆದುಬಿಡಿ. ಆಟೋಕರೆಕ್ಟ್ ಇದ್ದಲ್ಲೆಲ್ಲ ಬಂದ್.

ಆ ಪಠ್ಯದ ಬಾಳು ಇವತ್ತಿನ ಮುದ್ರಣಕ್ಕಷ್ಟೇ ಅಲ್ಲ ಎಂದಾದರೆ ಯೂನಿಕೋಡ್‌ಗೆ ಬದಲಿಸಿಬಿಡುವುದೇ ಮೇಲು. ನುಡಿ, ಬರಹ ಎರಡರಲ್ಲೂ ಪರಿವರ್ತಕಗಳಿವೆ. ಅವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಎಡವುವುದು ನಡುವೆ ಇಂಗ್ಲಿಷ್ ಪದ ಬಂದಾಗ. ಪರಿವರ್ತಕಕ್ಕೆ ಕೊಟ್ಟ ಬರಿಯ ಪಠ್ಯದಲ್ಲಿ ಯಾವ ಪಿ ನಿಜವಾದ ಪಿ, ಯಾವುದು ಕ ಬುಡ ಎಂದು ತಿಳಿಯುವ ದಾರಿಯಿಲ್ಲ. ಬದಲಿಸುವ ಮೊದಲೇ ವರ್ಡ್‌ನ ಹುಡುಕು-ಬದಲಿಸು ಸೌಲಭ್ಯದಲ್ಲಿ ಅಕ್ಷರದ ಬದಲು ಫಾಂಟಿನ ಹೆಸರು ಕೊಟ್ಟು, ಇಂಗ್ಲಿಷ್ ಫಾಂಟಿನಲ್ಲಿರುವ ತುಣುಕುಗಳನ್ನು ಹೆಕ್ಕಿ ಪಕ್ಕಕ್ಕೆ ಬರೆದಿಟ್ಟುಕೊಳ್ಳಿ. ಬದಲಿಸಿದ ಮೇಲೆ ಅನುಸ್ವಾರದ ಮೇಲೆ ಕಣ್ಣಿಡಿ. ಹಿಂದಿನ ಟೈಪಿಸ್ಟರಲ್ಲಿ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಒತ್ತಿದವರು ಕಡಿಮೆಯಿಲ್ಲ. ಕಾಗದದ ಮೇಲೆ ಎರಡೂ ಒಂದೇ, ಹುಡುಕಾಟದಲ್ಲಿ ಒಂದು ಸಿಗುತ್ತದೆ ಇನ್ನೊಂದು ಸಿಗುವುದಿಲ್ಲ.

ಪೇಜ್‌ಮೇಕರ್ ಫೈಲುಗಳನ್ನು ನೇರವಾಗಿ ತೆರೆಯಬಲ್ಲ ಕೊನೆಯ ಇಂಡಿಸೈನ್ ಸಿಎಸ್6. ಹಳೆಯ ಪುಸ್ತಕಗಳ ಮೂಲ ಫೈಲು ಇಟ್ಟುಕೊಂಡ ಪ್ರಕಾಶಕರು ಆ ಆವೃತ್ತಿ ಇರುವ ಒಂದು ಯಂತ್ರವನ್ನು ಗುಜರಿಗೆ ಹಾಕದೆ ಉಳಿಸಿಕೊಂಡರೆ ಜಾಣತನ.

ಡಬ್ಬಿ

ಡಬ್ಬಿ ಅಂದರೆ ಆ ಸಂಕೇತಕ್ಕೆ ಫಾಂಟಿನಲ್ಲಿ ಚಿತ್ರವಿಲ್ಲ. ಇಡೀ ಪ್ಯಾರಾ ಡಬ್ಬಿಯಾದರೆ ಕನ್ನಡ ಪಠ್ಯಕ್ಕೆ ಇಂಗ್ಲಿಷ್ ಫಾಂಟು ಹಚ್ಚಿದ್ದೀರಿ. ಯೂನಿಕೋಡ್ ಪಠ್ಯಕ್ಕೆ ಹಳೆಯ ನುಡಿ ಫಾಂಟು ಹಚ್ಚಿದರೂ ಇದೇ ಫಲ. ವರ್ಡ್‌ನಲ್ಲಿ ಸರಿಯಿತ್ತಲ್ಲ ಎಂದು ಕೇಳುವವರಿಗೆ: ವರ್ಡ್ ನಿಮಗೆ ಹೇಳದೆ ನಿರ್ಮಲಾ ಯುಐ ತಂದು ಹೊದಿಸಿತ್ತು.

ಅಲ್ಲೊಂದು ಇಲ್ಲೊಂದು ಡಬ್ಬಿ ಬಂದರೆ ಯಾವ ಅಕ್ಷರವೆಂದು ನೋಡಿ. ರೂಪಾಯಿ ಚಿಹ್ನೆ ಯೂನಿಕೋಡ್‌ಗೆ ಸೇರಿದ್ದು 2010ರಲ್ಲಿ, ಅದಕ್ಕೂ ಹಿಂದಿನ ಫಾಂಟುಗಳಲ್ಲಿ ಅದು ಇರಲು ಸಾಧ್ಯವಿಲ್ಲ. ಹಳಗನ್ನಡದ ೞ ಮತ್ತು ಱ ಎಲ್ಲ ಫಾಂಟಿನಲ್ಲೂ ಇರುವುದಿಲ್ಲ; ಶಾಸನ, ಛಂದಸ್ಸಿನ ಪುಸ್ತಕ ಮಾಡುವವರು ಫಾಂಟು ಆರಿಸುವ ಮೊದಲು ಆ ಎರಡನ್ನು ಟೈಪಿಸಿ ನೋಡಬೇಕು. 'ಸಾಫ್ಟ್‌ವೇರ್' ಪದದಲ್ಲಿ ಟ್ ಕೆಳಗೆ ವ ಒತ್ತಾಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವಿರುತ್ತದೆ. ಕೆಲವು ಹಳೆಯ ತಂತ್ರಾಂಶಗಳು ಆ ಕಾಣದವನನ್ನೂ ಡಬ್ಬಿಯಾಗಿ ಕಾಣಿಸಿಬಿಡುತ್ತವೆ. ಅಳಿಸಲು ಹೋದರೆ ಪದ ಕೆಡುತ್ತದೆ. ಬದಲಿಸಬೇಕಾದ್ದು ತಂತ್ರಾಂಶವನ್ನು ಅಥವಾ ಫಾಂಟನ್ನು.

ರೂಪಾಯಿ, ಇಂಗ್ಲಿಷ್ ಪದ, ಅಂಕಿಗಳಿಗೆ ಬೇರೆ ಫಾಂಟು ಬೇಕಾದಾಗ ಒಂದೊಂದನ್ನೇ ಆಯ್ದು ಬದಲಿಸುವ ಶ್ರಮ ಬೇಡ. ಇಂಡಿಸೈನ್‌ನ ಪ್ಯಾರಾಗ್ರಾಫ್ ಸ್ಟೈಲ್‌ನೊಳಗೆ ಗ್ರೆಪ್ ಸ್ಟೈಲ್ ಎಂಬುದಿದೆ. 'ಇಂಗ್ಲಿಷ್ ಅಕ್ಷರ ಎಲ್ಲಿ ಕಂಡರೂ ಈ ಕ್ಯಾರೆಕ್ಟರ್ ಸ್ಟೈಲ್ ಹಚ್ಚು' ಎಂದು ಒಮ್ಮೆ ಹೇಳಿಟ್ಟರೆ ಇಡೀ ಪುಸ್ತಕಕ್ಕೆ ಸಾಕು.

ಅಕ್ಷರ ಇದೆ, ಆದರೆ ಒತ್ತಿನ ಕಾಲು ಕೆಳಗಿನ ಸಾಲಿನ ತಲೆಗೆ ತಾಗುತ್ತಿದೆ ಎಂದರೆ ಫಾಂಟನ್ನು ಬೈಯಬೇಡಿ. ಇಂಡಿಸೈನ್‌ನ ಆಟೋ ಲೆಡಿಂಗ್ ಶೇಕಡ 120, ಅದು ಒತ್ತಿಲ್ಲದ ಭಾಷೆಯ ಲೆಕ್ಕ. ಕನ್ನಡಕ್ಕೆ 140ರ ಆಸುಪಾಸು ಇಟ್ಟು, ಆಯಾ ಫಾಂಟಿಗೆ ತಕ್ಕಂತೆ ತುಸು ಹಿಂದೆ ಮುಂದೆ ಮಾಡುವುದು ನನ್ನ ರೂಢಿ.

ಮುದ್ರಣಕ್ಕೆ ಕಳಿಸುವಾಗ

ನಿಮ್ಮ ಯಂತ್ರದಲ್ಲಿ ಸರಿಯಿದ್ದದ್ದು ಪ್ರೆಸ್ಸಿನಲ್ಲಿ ಒಡೆಯದಿರಲು ಪಿಡಿಎಫ್ ಕಳಿಸಿ. ಅಕ್ರೋಬ್ಯಾಟ್‌ನಲ್ಲಿ ಕಂಟ್ರೋಲ್ ಮತ್ತು ಡಿ ಒತ್ತಿ ಫಾಂಟ್ಸ್ ಭಾಗ ನೋಡಿದರೆ ಪ್ರತಿ ಫಾಂಟಿನ ಮುಂದೆ 'ಎಂಬೆಡೆಡ್' ಎಂದಿರಬೇಕು. ಒಂದರ ಮುಂದೆ ಇಲ್ಲದಿದ್ದರೂ ಕಳಿಸಬೇಡಿ. ಕೆಲವು ಫಾಂಟುಗಳ ಪರವಾನಗಿಯೇ ಎಂಬೆಡ್ ಮಾಡಲು ಬಿಡುವುದಿಲ್ಲ. ಅಕ್ಷರಗಳನ್ನು ಔಟ್‌ಲೈನ್ ಮಾಡಿ ಕೊಡಿ ಎಂದು ಕೇಳುವ ಪ್ರೆಸ್ಸುಗಳು ಇನ್ನೂ ಇವೆ. ಮುಖಪುಟಕ್ಕೆ ಅದು ಸರಿ. ಒಳಪುಟಗಳಿಗೆ ಮಾಡಿದರೆ ಬುಲೆಟ್, ಅಡಿಗೆರೆಗಳು ಮಾಯವಾಗುತ್ತವೆ, ಕೊನೆಯ ಗಳಿಗೆಯಲ್ಲಿ ಒಂದು ಅಕ್ಷರ ತಿದ್ದಲೂ ಆಗುವುದಿಲ್ಲ. ಮಾಡಲೇಬೇಕಾದರೆ ಫೈಲಿನ ನಕಲಿನ ಮೇಲೆ ಮಾಡಿ, ಮೂಲ ಫೈಲು ಮುಟ್ಟಬೇಡಿ.

ಮೂಲ ಫೈಲನ್ನೇ ಕಳಿಸಬೇಕಾದರೆ ಫೈಲ್ ಮೆನುವಿನ ಪ್ಯಾಕೇಜ್ ಬಳಸಿ. ಅದು ಪಕ್ಕದಲ್ಲೇ ಡಾಕ್ಯುಮೆಂಟ್ ಫಾಂಟ್ಸ್ ಎಂಬ ಫೋಲ್ಡರ್ ಮಾಡಿ ಬಳಸಿದ ಫಾಂಟುಗಳನ್ನು ತುಂಬುತ್ತದೆ. ಅತ್ತ ಕಡೆಯವರು ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಆ ಫೋಲ್ಡರ್ ಜೊತೆಗಿದ್ದರೆ ಇಂಡಿಸೈನ್ ಅದರಿಂದಲೇ ಫಾಂಟು ಎತ್ತಿಕೊಂಡು ಆ ಫೈಲಿನ ಮಟ್ಟಿಗೆ ಬಳಸುತ್ತದೆ. ಅಡೋಬಿ ಫಾಂಟ್ಸ್ ಸೇವೆಯಿಂದ ತಂದವು ಮಾತ್ರ ಆ ಮೂಟೆಯೊಳಗೆ ಬರುವುದಿಲ್ಲ. ನೋಟೋ, ಅನೇಕ್, ತಿರೋ ಕನ್ನಡ, ಬಲೂ ತಮ್ಮಗಳಂಥ ಮುಕ್ತ ಪರವಾನಗಿಯ ಫಾಂಟುಗಳಾದರೆ ಯಾರಿಗಾದರೂ ನಿಶ್ಚಿಂತೆಯಿಂದ ಕೊಡಬಹುದು.

ಪ್ಯಾಕೇಜ್ ಕಳಿಸಿದ ಮೇಲೆ ಪ್ರೆಸ್ಸಿಗೆ ಫೋನು ಮಾಡಿ, ಫೈಲನ್ನು ಅದೇ ಫೋಲ್ಡರಿನಿಂದಲೇ ತೆರೆಯಲು ಹೇಳಿ. ಡೆಸ್ಕ್‌ಟಾಪ್‌ಗೆ ಫೈಲೊಂದನ್ನೇ ಎಳೆದುಕೊಂಡು ತೆರೆದರೆ ಡಾಕ್ಯುಮೆಂಟ್ ಫಾಂಟ್ಸ್ ಹಿಂದೆಯೇ ಉಳಿಯುತ್ತದೆ, ಪುಟವೆಲ್ಲ ಗುಲಾಬಿಯಾಗುತ್ತದೆ, ರಾತ್ರಿ ಒಂಬತ್ತರ ಮೇಲೆ ನಿಮ್ಮ ಫೋನು ಹೊಡೆದುಕೊಳ್ಳುತ್ತದೆ.